ಮನೆಯ ಮ್ಯೂಸಿಕ್ ಸರ್ವರ್ ತಕರಾರು ತೆಗೆದಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹಾಡು ನಡುವೆ ಕಡಿಯುತ್ತದೆ. ಸ್ಪೀಕರ್ ಗುಂಯ್ ಎನ್ನುತ್ತದೆ. ನಿನ್ನೆ ಇದ್ದ ಆಲ್ಬಂ ಇವತ್ತು ಕಾಣುತ್ತಿಲ್ಲ. ಸಿಡಿ, ಕ್ಯಾಸೆಟ್‌ಗಳಿಂದ ಕೂಡಿಟ್ಟ ಹಾಡುಗಳನ್ನು ಮನೆಯೊಳಗೇ ಸ್ಟ್ರೀಮ್ ಮಾಡಿ ಕೇಳುವವರಿಗೆ ಈ ಮೂರರಲ್ಲಿ ಒಂದಾದರೂ ಎದುರಾಗಿರುತ್ತದೆ. ಆಗ ಹೆಚ್ಚಿನವರಿಗೆ ಮೊದಲು ಅನುಮಾನ ಬರುವುದು ಡ್ಯಾಕ್ ಮೇಲೆ, ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಡಬ್ಬಿ ಮೇಲೆ. ಹೊಸ ಡ್ಯಾಕ್, ದಪ್ಪ ಕೇಬಲ್ ಅಂತ ಹುಡುಕಾಟ ಶುರುವಾಗುತ್ತದೆ. ನಾನು ನೋಡಿದ ಮಟ್ಟಿಗೆ ಡ್ಯಾಕ್ ಕೆಡುವುದು ಅಪರೂಪ. ತಪ್ಪು ಇರುವುದು ಸಾಮಾನ್ಯವಾಗಿ ಅಡಾಪ್ಟರ್, ವೈಫೈ, ಅರ್ಥಿಂಗ್, ಇಲ್ಲವೇ ಆ ಫೈಲಿನಲ್ಲೇ. ದುಡ್ಡು ಬಿಚ್ಚುವ ಮೊದಲು ಅದನ್ನು ಪತ್ತೆ ಹಚ್ಚೋಣ.

ಉದಾಹರಣೆಗೆ ಒಂದು ಸೆಟಪ್ ಇಟ್ಟುಕೊಳ್ಳುತ್ತೇನೆ. ರೂಮಿನಲ್ಲಿ ಒಂದು ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್, ಮುಂದೆ ಬರೀ ಪೈ ಎನ್ನುತ್ತೇನೆ), ಅದಕ್ಕೆ ಯುಎಸ್‌ಬಿ ಹಾರ್ಡ್ ಡಿಸ್ಕ್, ಅದರಲ್ಲಿ ಲಿರಿಯನ್ ಮ್ಯೂಸಿಕ್ ಸರ್ವರ್. ಮೊದಲು ಲಾಜಿಟೆಕ್ ಮೀಡಿಯಾ ಸರ್ವರ್ ಎನ್ನುತ್ತಿದ್ದರಲ್ಲ, ಅದೇ. ಹಾಲ್‌ನಲ್ಲಿ ಇನ್ನೊಂದು ಪೈ, ಅದರಲ್ಲಿ ಸ್ಕ್ವೀಜ್‌ಲೈಟ್ ಪ್ಲೇಯರ್. ಅಲ್ಲಿಂದ ಯುಎಸ್‌ಬಿ ಡ್ಯಾಕ್, ಆಂಪ್ಲಿಫೈಯರ್, ಸ್ಪೀಕರ್. ಫೋನ್ ಬರೀ ರಿಮೋಟ್. ನಿಮ್ಮಲ್ಲಿ ನ್ಯಾವಿಡ್ರೋಮ್, ಎಂಪಿಡಿ, ವಾಲ್ಯೂಮಿಯೋ ಥರದ ಬೇರೆ ಸಾಫ್ಟ್‌ವೇರ್ ಏನೇ ಇದ್ದರೂ ಹುಡುಕುವ ದಾರಿ ಹೆಚ್ಚುಕಮ್ಮಿ ಇದೇ.

ಮೊದಲು ಮೂರು ಪ್ರಶ್ನೆ

ಏನನ್ನೂ ಬಿಚ್ಚುವ ಮೊದಲು ಇವಕ್ಕೆ ಉತ್ತರ ಬರೆದಿಟ್ಟುಕೊಳ್ಳಿ.

ತೊಂದರೆ ಪ್ರತಿ ಸಲ ಹಾಡಿನ ಅದೇ ಜಾಗದಲ್ಲಿ ಬರುತ್ತದೆಯೇ? ಬಂದರೆ ಫೈಲಿನದ್ದೇ ತಪ್ಪು. ಎಲ್ಲೆಂದರಲ್ಲಿ ಬಂದರೆ ಫೈಲ್ ಸರಿಯಿದೆ, ದಾರಿಯಲ್ಲಿ ಏನೋ ಆಗುತ್ತಿದೆ.

ಎಲ್ಲ ಪ್ಲೇಯರ್‌ಗಳಲ್ಲೂ ಇದೆಯೇ, ಒಂದರಲ್ಲಿ ಮಾತ್ರವೇ? ಅದೇ ಹಾಡನ್ನು ಫೋನ್‌ನಲ್ಲೋ ಲ್ಯಾಪ್‌ಟಾಪ್‌ನಲ್ಲೋ ಅದೇ ಸರ್ವರ್‌ನಿಂದ ಹಾಕಿ ನೋಡಿ. ಅಲ್ಲೂ ಕಡಿದರೆ ಸರ್ವರ್ ಅಥವಾ ಡಿಸ್ಕ್ ಕಡೆ ನೋಡಿ. ಅಲ್ಲಿ ಚೆನ್ನಾಗಿದ್ದರೆ ಹಾಲ್‌ನ ಪೈ ಕಡೆ.

ಹಾಡು ನಿಲ್ಲಿಸಿದರೂ ಸದ್ದು ಇರುತ್ತದೆಯೇ? ಇದ್ದರೆ ಅದು ಕರೆಂಟಿನ ವಿಷಯ. ನೆಟ್‌ವರ್ಕ್, ಸಾಫ್ಟ್‌ವೇರ್ ಯಾವುದನ್ನೂ ಮುಟ್ಟಬೇಡಿ.

ಹಾಗೇ ಇನ್ನೊಂದು ಕೆಲಸ. ಫೋನ್‌ನಲ್ಲೇ ಉಳಿಸಿಕೊಂಡ ಒಂದು ಹಾಡನ್ನು ವೈರ್ ಹಾಕಿ ನೇರ ಆಂಪ್‌ಗೆ ಕೊಡಿ. ಚೆನ್ನಾಗಿ ಕೇಳಿದರೆ ಆಂಪ್, ಸ್ಪೀಕರ್ ಎರಡೂ ಪಟ್ಟಿಯಿಂದ ಹೊರಗೆ. ಐದು ನಿಮಿಷದಲ್ಲಿ ಅರ್ಧ ಸರಪಳಿ ಮುಗಿಯಿತು. ಮುಂದೆ ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ ಬದಲಿಸಿ. ಕೇಬಲ್, ಅಡಾಪ್ಟರ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಮೊದಲಿನಿಂದ ಶುರು.

ಹಾಡು ಕಡಿಯುತ್ತದೆ, ಟಪ್ ಟಪ್ ಅನ್ನುತ್ತದೆ

ಮೊದಲು ಒಂದು ಲೆಕ್ಕ. ಸಿಡಿ ಗುಣಮಟ್ಟದ ಹಾಡು ಕುಗ್ಗಿಸದೇ ಇದ್ದರೆ ಸೆಕೆಂಡಿಗೆ 1,411 ಕಿಲೋಬಿಟ್. ಗುಣಮಟ್ಟ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಸುಮಾರು ಅರ್ಧ. 24 ಬಿಟ್, 192 ಕಿಲೋಹರ್ಟ್ಸ್‌ನ ದೊಡ್ಡ ಫೈಲೂ 9.2 ಮೆಗಾಬಿಟ್ ದಾಟುವುದಿಲ್ಲ. ಹಳೆಯ ವೈಫೈಗೂ ಇದು ಭಾರವಲ್ಲ. ಆದ್ದರಿಂದ ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿಸಿ ಪ್ರಯೋಜನವಿಲ್ಲ. ಮನೆಯೊಳಗಿನ ಹಾಡಿಗೂ ಆ ಪ್ಲಾನಿಗೂ ಸಂಬಂಧವೇ ಇಲ್ಲ. ಇಲ್ಲಿ ಬೇಕಿರುವುದು ವೇಗಕ್ಕಿಂತ ಜಾಸ್ತಿ, ಕಡಿಯದ ಹರಿವು.

ಮೊದಲ ಪರೀಕ್ಷೆ: ಹಾಲ್‌ನ ಪೈಗೆ (ರೂಮಿನ ಪೈ ಕೂಡ ವೈಫೈಯಲ್ಲಿದ್ದರೆ ಅದಕ್ಕೂ) ಒಂದು ಸಂಜೆ ಮಟ್ಟಿಗೆ ಉದ್ದದ ಲ್ಯಾನ್ ಕೇಬಲ್ ಹಾಕಿ. ನೆಲದ ಮೇಲೆ ಎಳೆದರೂ ಪರವಾಗಿಲ್ಲ, ಮನೆಯವರಿಗೆ ಮೊದಲೇ ಹೇಳಿಬಿಡಿ. ಕಡಿಯುವುದು ನಿಂತರೆ ವೈಫೈಯೇ ಕಾರಣ. ನಿಲ್ಲದಿದ್ದರೆ ಕೆಳಗಿನ ವೈಫೈ ಮಾತು ಬಿಟ್ಟು ನೇರ ಅಡಾಪ್ಟರ್ ವಿಷಯಕ್ಕೆ ಹೋಗಿ.

ವೈಫೈ ಅಂತ ಖಚಿತವಾದರೆ, ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರ್‌ಗೆ ಸಿಕ್ಕಿಸಿ. ಅಲ್ಲಿಂದ ಆ ಪೈಗೆ ಕೆಲವು ನಿಮಿಷ ಪಿಂಗ್ (ಸಣ್ಣ ಸಂದೇಶ ಕಳಿಸಿ ಉತ್ತರ ಎಷ್ಟು ಬೇಗ ಬರುತ್ತದೆ ಎಂದು ನೋಡುವ ಆಜ್ಞೆ) ಓಡಿಸಿ. ಸರಾಸರಿ ಸಮಯ ನೋಡಬೇಡಿ. ನಡುನಡುವೆ ಉತ್ತರವೇ ಬರದೆ ಹೋಗಿದೆಯೇ, ಕೆಲವು ಸಲ ಸಮಯ ಒಮ್ಮೆಲೇ ನೂರಾರು ಮಿಲಿಸೆಕೆಂಡಿಗೆ ಹಾರಿದೆಯೇ ನೋಡಿ. ಅಲ್ಲೇ ಹಾಡು ಕಡಿಯುವುದು. ಇದಕ್ಕೆ ನಮ್ಮ ಮನೆಗಳಲ್ಲಿ ಕಾಣುವ ಕಾರಣಗಳು ಕೆಲವೇ.

ಗೋಡೆ ಒಂದು. 5 ಗಿಗಾಹರ್ಟ್ಸ್ ವೈಫೈ ದಪ್ಪ ಗೋಡೆ ದಾಟುವುದರಲ್ಲಿ ಸೋಲುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆ, ಉತ್ತರ ಕರ್ನಾಟಕದ ಹಳೆಯ ಕಲ್ಲುಮನೆ ಇದ್ದರೆ ಎರಡು ಗೋಡೆ ಆಚೆಗೆ ಸಿಗ್ನಲ್ ಪೂರ್ತಿ ಬಿದ್ದುಹೋಗುತ್ತದೆ. ಅಂಥ ಕಡೆ 2.4 ಗಿಗಾಹರ್ಟ್ಸ್ ವಾಸಿ. ಆದರೆ ಅಪಾರ್ಟ್‌ಮೆಂಟ್‌ನಲ್ಲಿ 2.4 ಎಂದರೆ ಅಕ್ಕಪಕ್ಕದ ಎಲ್ಲರ ರೂಟರ್, ಬ್ಲೂಟೂತ್, ಮೈಕ್ರೋವೇವ್ ಎಲ್ಲ ಅಲ್ಲೇ. ಅಡುಗೆಮನೆಯಲ್ಲಿ ಅನ್ನ ಬಿಸಿ ಮಾಡುವಾಗಲೇ ಹಾಡು ಕಡಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಎರಡನೆಯದು ಯಾರೂ ಊಹಿಸದ ಕಾರಣ. ಪೈ 4ರ ನೀಲಿ ಯುಎಸ್‌ಬಿ 3 ಪೋರ್ಟಿಗೆ ಹಾರ್ಡ್ ಡಿಸ್ಕ್ ಹಾಕಿದಾಗ ಅದರ ಕೇಬಲ್‌ನಿಂದ ಹೊಮ್ಮುವ ರೇಡಿಯೋ ಗಲಾಟೆ 2.4 ಗಿಗಾಹರ್ಟ್ಸ್ ಸುತ್ತಲೇ ಬೀಳುತ್ತದೆ. ಡಿಸ್ಕ್ ಓದುವಾಗ ವೈಫೈ ತಾನೇ ಕುಗ್ಗುತ್ತದೆ. ಡಿಸ್ಕನ್ನು ಕಪ್ಪು ಯುಎಸ್‌ಬಿ 2 ಪೋರ್ಟಿಗೆ ಬದಲಿಸಿ ನೋಡಿ. ಹಾಡಿಗೆ ಆ ವೇಗ ಧಾರಾಳ ಸಾಕು.

ಮೂರನೆಯದು ಪೈನ ವೈಫೈ ಕರೆಂಟ್ ಉಳಿಸಲು ಆಗಾಗ ತೂಕಡಿಸುವುದು. ಸೆಟ್ಟಿಂಗ್‌ನಲ್ಲಿ ಪವರ್ ಸೇವ್ ಆಫ್ ಮಾಡಿ. ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಕೇಬಲ್ ಎಳೆಸಿಬಿಡಿ. ಮೆಶ್ ರೂಟರ್‌ಗೆ ಕೊಡುವ ದುಡ್ಡಿನ ಸ್ವಲ್ಪ ಭಾಗದಲ್ಲಿ ಕೆಲಸ ಮುಗಿಯುತ್ತದೆ, ಆಮೇಲೆ ಆ ಕಡೆ ತಿರುಗಿ ನೋಡಬೇಕಾಗಿಲ್ಲ.

ಈಗ ಅಡಾಪ್ಟರ್. ಡ್ರಾಯರ್‌ನಲ್ಲಿದ್ದ ಹಳೆಯ ಫೋನ್ ಚಾರ್ಜರ್ ಹಾಕಿ ಪೈ ಓಡಿಸುವವರು ಬಹಳ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಅದರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಹೊರಗೆ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ಒಂದೇ ಪೈಗೆ ಹಾರ್ಡ್ ಡಿಸ್ಕ್ ಮತ್ತು ಯುಎಸ್‌ಬಿಯಿಂದಲೇ ಕರೆಂಟ್ ಎಳೆಯುವ ಡ್ಯಾಕ್ ಎರಡನ್ನೂ ನೇತುಹಾಕಿದರೆ ಮಿತಿ ಹತ್ತಿರ ಬಂದಾಯಿತು. ಡಿಸ್ಕ್ ತಿರುಗಲು ಶುರುವಾದ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು ಡ್ಯಾಕ್ ಒಂದು ಕ್ಷಣ ಮಾಯವಾಗುತ್ತದೆ. ನೀವು ಕೇಳುವ ಟಪ್ ಅದೇ. ಪೈ 5 ಆದರೆ 5 ಆಂಪಿಯರ್‌ನ ಅಡಾಪ್ಟರ್ ಹಾಕಬೇಕು. 3 ಆಂಪಿಯರ್‌ನದ್ದು ಹಾಕಿದರೆ ಅದು ಯುಎಸ್‌ಬಿಗೆ ಬರೀ 600 ಮಿಲಿಆಂಪಿಯರ್ ಬಿಡುತ್ತದೆ.

ಇದನ್ನು ಊಹಿಸುತ್ತ ಕೂರಬೇಕಿಲ್ಲ, ಪೈಯನ್ನೇ ಕೇಳಬಹುದು. ಟರ್ಮಿನಲ್‌ನಲ್ಲಿ ವಿಸಿಜೆನ್‌ಸಿಎಂಡಿ ಆಜ್ಞೆಗೆ ಗೆಟ್‌-ಥ್ರಾಟಲ್ಡ್ (vcgencmd get_throttled) ಸೇರಿಸಿ ಓಡಿಸಿದರೆ ಒಂದು ಸಂಖ್ಯೆ ಬರುತ್ತದೆ. ಎಕ್ಸ್ ಆದ ಮೇಲೆ ಬರೀ 0 ಇದ್ದರೆ ಎಲ್ಲ ಸರಿ. 50000 ಇದ್ದರೆ ಆನ್ ಮಾಡಿದ ಮೇಲೆ ಎಂದೋ ವೋಲ್ಟೇಜ್ ಕುಸಿದಿತ್ತು. 50005 ಇದ್ದರೆ ಈಗಲೂ ಕುಸಿದೇ ಇದೆ. ಟಪ್ ಸದ್ದು ಬಂದ ಮೇಲೆ ಇದನ್ನು ನೋಡುವುದು ಒಳ್ಳೆಯ ಅಭ್ಯಾಸ. ಅಡಾಪ್ಟರ್ ಒಳ್ಳೆಯದಿದ್ದು ಕೇಬಲ್ ತೆಳುವಾಗಿದ್ದರೂ ಇದೇ ಕಥೆ.

ಹಾಡು ಶುರುವಾಗಲು ಮಾತ್ರ ಐದಾರು ಸೆಕೆಂಡ್ ತಡ, ಆಮೇಲೆ ಸರಿ ಅಂದರೆ ಅದು ದೋಷವೇ ಅಲ್ಲ. ಹಾರ್ಡ್ ಡಿಸ್ಕ್ ನಿದ್ದೆಯಿಂದ ಏಳುತ್ತಿದೆ. ಬಿಟ್ಟುಬಿಡಿ.

ಇನ್ನು ಅದೇ ಜಾಗದಲ್ಲಿ ಕಡಿಯುವ ಹಾಡು. ಫ್ಲ್ಯಾಕ್ ಫೈಲಿನೊಳಗೆ ಮೂಲ ಸದ್ದಿನ ಎಂಡಿ5 ಗುರುತು ಇರುತ್ತದೆ. ಫ್ಲ್ಯಾಕ್ ಟೂಲ್‌ನ ಟೆಸ್ಟ್ ಆಯ್ಕೆ ಕೊಟ್ಟರೆ ಫೈಲ್ ಹಾಳಾಗಿದೆಯೇ ಎಂದು ಅದೇ ಹೇಳುತ್ತದೆ. ಟೆಸ್ಟ್ ಪಾಸಾಗಿಯೂ ಕಡಿದರೆ, ಸಿಡಿಯಿಂದ ರಿಪ್ ಮಾಡುವಾಗಲೇ, ಅಂದರೆ ಫೈಲಾಗಿ ಇಳಿಸಿಕೊಳ್ಳುವಾಗಲೇ, ಗೀಚು ಸೇರಿಕೊಂಡಿದೆ. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಸಾಫ್ಟ್‌ವೇರ್‌ನಲ್ಲಿ ಸೆಕ್ಯೂರ್ ಮೋಡ್ ಹಾಕಿ ಮತ್ತೆ ರಿಪ್ ಮಾಡಿ. ಆಕ್ಯುರೇಟ್‌ರಿಪ್ ಪಟ್ಟಿಯಲ್ಲಿ ಬೇರೆಯವರ ರಿಪ್ ಜೊತೆ ತಾಳೆಯಾದರೆ ನಿಶ್ಚಿಂತೆ. ಕನ್ನಡದ ಸಣ್ಣ ಕಂಪನಿಗಳ ಭಾವಗೀತೆ, ದೇವರನಾಮದ ಸಿಡಿಗಳು ಆ ಪಟ್ಟಿಯಲ್ಲಿ ಸಿಗದೇ ಇರಬಹುದು. ಆಗ ಎರಡು ಸಲ ರಿಪ್ ಮಾಡಿ ಎರಡರ ಚೆಕ್‌ಸಮ್ (ಫೈಲಿನಿಂದ ಲೆಕ್ಕಹಾಕಿ ಬರುವ ಗುರುತಿನ ಸಂಖ್ಯೆ) ಒಂದೇ ಬಂತೇ ನೋಡಿ.

ಗುಂಯ್ ಅನ್ನುವ ಸದ್ದು

ನಮ್ಮ ಕಡೆ ಜಾಸ್ತಿ ತಲೆ ತಿನ್ನುವುದು ಇದೇ. ನಮ್ಮ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಅದು ಆಡಿಯೋ ದಾರಿಗೆ ನುಸುಳಿದರೆ 50 ಅಥವಾ 100 ಹರ್ಟ್ಸ್‌ನ ಗುಂಯ್ ಕೇಳುತ್ತದೆ.

ಆಂಪ್‌ನ ವಾಲ್ಯೂಮ್ ತಿರುಗಿಸಿ. ಗುಂಯ್ ಹೆಚ್ಚುಕಮ್ಮಿ ಆಗದಿದ್ದರೆ ಅದು ಆಂಪ್‌ನ ಒಳಗಿನದು, ರಿಪೇರಿಯವರಿಗೆ ಕೊಡಿ. ವಾಲ್ಯೂಮ್ ಜೊತೆ ಏರಿದರೆ ಹೊರಗಿನಿಂದ ಬರುತ್ತಿದೆ. ಆಂಪ್ ಆಫ್ ಮಾಡಿ, ಡ್ಯಾಕ್‌ನಿಂದ ಬರುವ ಆರ್‌ಸಿಎ ಕೇಬಲ್ ಕಿತ್ತು, ಮತ್ತೆ ಆನ್ ಮಾಡಿ. ಗುಂಯ್ ನಿಂತರೆ ಡ್ಯಾಕ್ ಕಡೆಯಿಂದ ಬರುತ್ತಿತ್ತು. ನಿಲ್ಲದಿದ್ದರೆ ಆಂಪ್‌ಗೆ ಸಿಕ್ಕಿಸಿದ ಬೇರೆ ಕೇಬಲ್‌ಗಳನ್ನೂ ಒಂದೊಂದಾಗಿ ಹೀಗೇ ಕೀಳುತ್ತ ಬನ್ನಿ.

ಟಿವಿ ಕೂಡ ಅದೇ ಆಂಪ್‌ಗೆ ಸೇರಿದ್ದರೆ ಮೊದಲು ಸೆಟ್‌ಟಾಪ್ ಬಾಕ್ಸ್‌ನ ಹಿಂದೆ ತಿರುಪಿ ಹಾಕಿರುವ ಡಿಶ್ ಅಥವಾ ಕೇಬಲ್ ಟಿವಿಯ ವೈರ್ ಬಿಚ್ಚಿ ನೋಡಿ. ಮಹಡಿ ಮೇಲಿನ ಡಿಶ್ ಎಲ್ಲೋ ಒಂದು ಕಡೆ ಭೂಮಿಗೆ ತಾಗಿರುತ್ತದೆ, ನಿಮ್ಮ ಆಂಪ್ ಇನ್ನೊಂದು ಕಡೆ. ಎರಡು ಅರ್ಥ್‌ಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಕರೆಂಟ್ ನಿಮ್ಮ ಆರ್‌ಸಿಎ ಕೇಬಲ್ ಮೂಲಕ ಹರಿಯುತ್ತದೆ. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು. ಆ ವೈರ್ ಬಿಚ್ಚಿದ ಕೂಡಲೇ ಸದ್ದು ನಿಂತರೆ ಟಿವಿಯಿಂದ ಆಂಪ್‌ಗೆ ಆಪ್ಟಿಕಲ್ ಕೇಬಲ್ ಬಳಸಿ. ಬೆಳಕು ಹೋಗುವ ದಾರಿಯಲ್ಲಿ ಕರೆಂಟ್ ಹೋಗಲಾರದು.

ಡಿಶ್ ಕಾರಣವಲ್ಲದಿದ್ದರೆ ಆಂಪ್, ಡ್ಯಾಕ್, ಪೈ ಎಲ್ಲವನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸಿಗೆ ತನ್ನಿ. ಆಂಪ್ ಒಂದು ಸ್ವಿಚ್ ಬೋರ್ಡಿನಲ್ಲಿ, ಪೈ ಇನ್ನೊಂದು ಗೋಡೆಯಲ್ಲಿ ಇದ್ದರೆ ಲೂಪ್ ದೊಡ್ಡದಾಗುತ್ತದೆ.

ಇನ್ನೊಂದು ಬಗೆಯ ಗುಂಯ್ ಇದೆ. ಆಂಪ್‌ನ ಲೋಹದ ಮೈ ಮುಟ್ಟಿದರೆ ಸದ್ದು ಕಡಿಮೆಯಾಗುತ್ತದೆ, ಬೆರಳಿಗೆ ಸಣ್ಣಗೆ ಜುಮ್ ಅನ್ನುತ್ತದೆ. ಅಂದರೆ ಅರ್ಥಿಂಗ್ ಇಲ್ಲ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ಮಲ್ಟಿಮೀಟರ್‌ನಲ್ಲಿ ಅಳೆಸಿ. ಫೇಸ್‌ನಿಂದ ಅರ್ಥ್‌ಗೆ 230ರ ಹತ್ತಿರ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಕೆಲವೇ ವೋಲ್ಟ್ ಬರಬೇಕು. ಬೇಸಿಗೆಯಲ್ಲಿ ಮಾತ್ರ ಗುಂಯ್ ಹೆಚ್ಚಾಗುತ್ತದೆ ಎಂದರೆ ಅಂಗಳದ ಅರ್ಥ್ ಗುಂಡಿ ಒಣಗಿರಬಹುದು. ಉಪ್ಪು, ಇದ್ದಿಲು ತುಂಬಿದ ಹಳೆಯ ಗುಂಡಿಗಳಿಗೆ ನೀರು ಹಾಕುತ್ತಿರಬೇಕು. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಬಿಟ್ಟುಕೊಡುವುದಿಲ್ಲ.

ಎರಡು ಕೆಲಸ ಮಾತ್ರ ಯಾವ ಕಾರಣಕ್ಕೂ ಬೇಡ. ಗುಂಯ್ ನಿಲ್ಲಿಸಲು ಆಂಪ್‌ನ ಪ್ಲಗ್‌ನಿಂದ ಅರ್ಥ್ ಪಿನ್ ಕೀಳುವುದು ಒಂದು. ಸದ್ದು ನಿಲ್ಲುತ್ತದೆ, ನಿಜ. ಆದರೆ ಮುಂದೆ ಒಳಗೆ ಏನಾದರೂ ಸುಟ್ಟರೆ ಆಂಪ್‌ನ ಮೈಗೆ ನೇರ 230 ವೋಲ್ಟ್ ಬರುತ್ತದೆ. ಸಾಕೆಟ್‌ನೊಳಗೆ ನ್ಯೂಟ್ರಲನ್ನೇ ಅರ್ಥ್‌ಗೆ ಜೋಡಿಸುವುದು ಇನ್ನೊಂದು. ಕೆಲವರು ಇದನ್ನು ಸುಲಭದ ಉಪಾಯ ಅಂತ ಮಾಡಿಕೊಡುತ್ತಾರೆ. ಎಲ್ಲಾದರೂ ನ್ಯೂಟ್ರಲ್ ತುಂಡಾದ ದಿನ ಅಂಥ ಸಾಕೆಟ್‌ಗೆ ಸಿಕ್ಕಿಸಿದ ಲೋಹದ ಮೈಯ ಸಾಮಾನೆಲ್ಲ ಶಾಕ್ ಹೊಡೆಯುತ್ತದೆ. ಲೂಪ್ ಕಡಿಯಲೇಬೇಕಿದ್ದರೆ ಆರ್‌ಸಿಎ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಇಲ್ಲವೇ ಪೈ ಮೇಲೆ ಆಪ್ಟಿಕಲ್ ಇರುವ ಹ್ಯಾಟ್ ಎಂಬ ಸಣ್ಣ ಬೋರ್ಡ್ ಕೂರಿಸಿ ಡ್ಯಾಕ್‌ಗೆ ಬೆಳಕಿನಲ್ಲಿ ಕಳಿಸಿ. ಆಪ್ಟಿಕಲ್ ಸಾಮಾನ್ಯವಾಗಿ 24 ಬಿಟ್, 96 ಕಿಲೋಹರ್ಟ್ಸ್ ತನಕ ತಕರಾರಿಲ್ಲದೆ ನಡೆಯುತ್ತದೆ. ಅದಕ್ಕಿಂತ ಮೇಲಿನ ಫೈಲ್ ನಿಮ್ಮಲ್ಲಿ ಎಷ್ಟಿವೆ ಹೇಳಿ.

ಗುಂಯ್ ಬದಲು ತೀಕ್ಷ್ಣವಾಗಿ ಝೀ ಅಂದರೆ ಮನೆಯ ಬೇರೆ ಸಾಮಾನು ಕಾರಣ. ಫ್ಯಾನ್ ಆಫ್ ಮಾಡಿ, ಎಲ್‌ಇಡಿ ಬಲ್ಬ್ ಆಫ್ ಮಾಡಿ, ಒಂದೊಂದಾಗಿ. ತಿರುಗಿಸುವ ಹಳೆಯ ಬಗೆಯ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನೇ ಕತ್ತರಿಸಿ ವೇಗ ಇಳಿಸುತ್ತದೆ, ಅದರಿಂದ ಝೀ ಹುಟ್ಟುತ್ತದೆ. ಕ್ಲಿಕ್ ಕ್ಲಿಕ್ ಎಂದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್‌ನಲ್ಲಿ ಈ ತೊಂದರೆ ಇಲ್ಲ. ಕರೆಂಟ್ ಹೋದಾಗ ಮಾತ್ರ ಝೀ ಅಂದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್. ಆಂಪ್ ಅದರ ಮೇಲೆ ಓಡಿಸಬೇಕೆಂದಿದ್ದರೆ ಸೈನ್ ವೇವ್ ಬೇಕು.

ಸದ್ದೇ ಇಲ್ಲ

ಹಾಡು ಓಡುತ್ತಿದೆ, ಸಮಯ ಮುಂದೆ ಹೋಗುತ್ತಿದೆ, ಸ್ಪೀಕರ್ ಮೌನ. ರೀಸ್ಟಾರ್ಟ್ ಮಾಡಿದ ಮೇಲೆ ಹೀಗಾಗಿದ್ದರೆ ಸದ್ದು ಎಚ್‌ಡಿಎಂಐಗೆ ಹೋಗುತ್ತಿದೆ. ಪೈ ತನ್ನ ಸೌಂಡ್ ಕಾರ್ಡ್‌ಗಳಿಗೆ 0, 1, 2 ಅಂತ ನಂಬರ್ ಕೊಡುತ್ತದೆ, ಆ ನಂಬರ್ ಪ್ರತಿ ಸಲ ಅದೇ ಇರಬೇಕೆಂದಿಲ್ಲ. ಸ್ಕ್ವೀಜ್‌ಲೈಟ್‌ನ ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ನಂಬರ್ ಬದಲು ಡ್ಯಾಕ್‌ನ ಹೆಸರು ಕೊಡಿ. ಪೈ 5ರಲ್ಲಿ ಹೆಡ್‌ಫೋನ್ ತೂತೇ ಇಲ್ಲ ಎಂಬುದು ನೆನಪಿರಲಿ, ಹಳೆಯ ಪೈನ ಕಾರ್ಡ್ ಎತ್ತಿ ಅದಕ್ಕೆ ಹಾಕಿದವರು ಅದನ್ನು ಹುಡುಕುತ್ತ ಕೂರುತ್ತಾರೆ. ಹಾಗೇ ವಾಲ್ಯೂಮ್ ಹೊಂದಿಸುವ ಆಲ್ಸಾಮಿಕ್ಸರ್ ಎಂಬ ಟೂಲ್ ತೆರೆದು ಡ್ಯಾಕ್ ಮ್ಯೂಟ್ ಆಗಿದೆಯೇ ನೋಡಿ.

ಒಂದೇ ಸ್ಪೀಕರ್ ಮೌನವಾಗಿದ್ದರೆ ಆಂಪ್ ಆಫ್ ಮಾಡಿ, ಆರ್‌ಸಿಎಯ ಎಡ ಬಲ ಅದಲುಬದಲು ಮಾಡಿ. ಮೌನವೂ ಆಚೆ ಸ್ಪೀಕರಿಗೆ ಹೋದರೆ ದೋಷ ಆಂಪ್‌ಗಿಂತ ಮೊದಲು. ಹೋಗದಿದ್ದರೆ ಆಂಪ್ ಅಥವಾ ಸ್ಪೀಕರ್ ಕಡೆ. ಎರಡೂ ಓಡುತ್ತಿದ್ದು ಗಾಯಕರ ಧ್ವನಿ ಟೊಳ್ಳು, ಬೇಸ್ ಮಾಯ ಅನ್ನಿಸಿದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ವೈರ್ ತಿರುಗಿದೆ.

ಆ್ಯಪ್‌ಗೆ ಸರ್ವರ್ ಕಾಣುತ್ತಿಲ್ಲ

ಫೈಬರ್ ಕಂಪನಿಯವರು ಕೊಟ್ಟ ಡಬ್ಬಿ ಒಂದು ರೂಟರ್. ನೀವೇ ತಂದು ಅದಕ್ಕೆ ಸಿಕ್ಕಿಸಿದ್ದು ಇನ್ನೊಂದು. ಫೋನ್ ಒಂದರ ವೈಫೈಯಲ್ಲಿ, ಪೈ ಇನ್ನೊಂದರಲ್ಲಿ. ಎರಡೂ ಬೇರೆ ಬೇರೆ ನೆಟ್‌ವರ್ಕ್, ಒಂದಕ್ಕೊಂದು ಕಾಣುವುದಿಲ್ಲ. ಎರಡರ ಐಪಿ ವಿಳಾಸದ ಮೊದಲ ಮೂರು ಭಾಗ ಹೋಲಿಸಿ. 192.168.1 ಮತ್ತು 192.168.0 ಅಂತ ಬೇರೆಯಾಗಿದ್ದರೆ ಕಾರಣ ಸಿಕ್ಕಂತೆ. ನಿಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ. ಗೆಸ್ಟ್ ವೈಫೈಗೆ ಸೇರಿದ್ದರೂ ಹೀಗೇ ಆಗುತ್ತದೆ, ಏಕೆಂದರೆ ಅಲ್ಲಿ ಸಾಧನಗಳು ಒಂದನ್ನೊಂದು ನೋಡದಂತೆ ತಡೆದಿರುತ್ತಾರೆ.

ಎರಡೂ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಬ್ರೌಸರ್‌ನಲ್ಲಿ ಸರ್ವರ್‌ನ ಐಪಿ, ಆಮೇಲೆ ಪೋರ್ಟ್ ಹೊಡೆಯಿರಿ. ಲಿರಿಯನ್ ಆದರೆ 9000, ನ್ಯಾವಿಡ್ರೋಮ್ ಆದರೆ 4533. ಪುಟ ತೆರೆದರೆ ಸರ್ವರ್ ಸರಿಯಿದೆ, ಹುಡುಕುವ ವ್ಯವಸ್ಥೆ ಮಾತ್ರ ಕೈಕೊಟ್ಟಿದೆ. ಡಿಎಲ್‌ಎನ್‌ಎ (ಮನೆಯೊಳಗೆ ಹಾಡು, ವಿಡಿಯೋ ಹಂಚಿಕೊಳ್ಳುವ ಒಂದು ಪದ್ಧತಿ) ಬಳಸುವ ಸಾಧನಗಳು 239.255.255.250 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ ಕೂಗಿ ಒಂದನ್ನೊಂದು ಹುಡುಕುತ್ತವೆ. ಕೆಲವು ರೂಟರ್‌ಗಳು ಈ ಕೂಗನ್ನು ವೈಫೈಗೆ ದಾಟಿಸುವುದಿಲ್ಲ. ಐಜಿಎಂಪಿ ಸ್ನೂಪಿಂಗ್ ಎಂಬ ಸೆಟ್ಟಿಂಗ್ ಒಮ್ಮೆ ಬದಲಿಸಿ ನೋಡಿ. ಅಥವಾ ಆ್ಯಪ್‌ನಲ್ಲಿ ಐಪಿಯನ್ನು ಕೈಯಾರೆ ಬರೆದು ನೆಮ್ಮದಿಯಾಗಿರಿ.

ಕರೆಂಟ್ ಹೋಗಿ ಬಂದ ಮೇಲೆ ಕಾಣೆಯಾದರೆ ಸರ್ವರ್‌ನ ಐಪಿ ಬದಲಾಗಿರಬಹುದು. ರೂಟರ್‌ನಲ್ಲಿ ಆ ಪೈಗೆ ಒಂದೇ ಐಪಿ ಕಾಯ್ದಿರಿಸಿ. ಸರ್ವರ್ ಇದೆ, ಹಾಡುಗಳೆಲ್ಲ ಮಾಯ ಅಂದರೆ ಹಾರ್ಡ್ ಡಿಸ್ಕ್ ಮೌಂಟ್ ಆಗುವ, ಅಂದರೆ ಓದಲು ಸಿದ್ಧವಾಗುವ ಮೊದಲೇ ಸರ್ವರ್ ಶುರುವಾಗಿದೆ. ಖಾಲಿ ಫೋಲ್ಡರ್ ನೋಡಿ ಹಾಡುಗಳೇ ಇಲ್ಲ ಅಂತ ಬರೆದುಕೊಂಡಿದೆ. ಗಾಬರಿಯಾಗಿ ಮತ್ತೆ ಸ್ಕ್ಯಾನ್ ಒತ್ತಬೇಡಿ. ಮೊದಲು ಡಿಸ್ಕ್ ಬಂದಿದೆಯೇ ನೋಡಿ, ಆಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿ. ದಿನಕ್ಕೆರಡು ಸಲ ಕರೆಂಟ್ ಹೋಗುವ ಊರಿನಲ್ಲಿದ್ದರೆ ಹಾಲ್‌ನ ಪ್ಲೇಯರ್‌ಗೆ ಪೈಕೋರ್‌ಪ್ಲೇಯರ್ ಹಾಕುವುದು ಜಾಣತನ. ಅದು ಪೂರ್ತಿ ರ್‍ಯಾಮ್‌ನಲ್ಲೇ ಓಡುತ್ತದೆ. ದಿಢೀರ್ ಕರೆಂಟ್ ಹೋದರೂ ಎಸ್‌ಡಿ ಕಾರ್ಡ್ ಕೆಡುವ ಭಯ ಕಡಿಮೆ.

ಓಡುತ್ತದೆ, ಆದರೆ ಕೇಳಲು ಚೆನ್ನಾಗಿಲ್ಲ

ಡ್ಯಾಕ್‌ನ ಪರದೆಯಲ್ಲಿ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆದಿದೆ ಎಂಬ ಲೆಕ್ಕ) ತೋರಿಸಿದರೆ ನೋಡಿ. ಸಿಡಿಯ ಹಾಡಿಗೆ 44.1 ಕಿಲೋಹರ್ಟ್ಸ್ ಇರಬೇಕು. ಏನು ಹಾಕಿದರೂ 48 ತೋರಿಸಿದರೆ ನಡುವೆ ಯಾರೋ ಬದಲಿಸುತ್ತಿದ್ದಾರೆ. ಲಿನಕ್ಸ್‌ನಲ್ಲಿ ಅದು ಸದ್ದುಗಳನ್ನು ಬೆರೆಸುವ ಪೈಪ್‌ವೈರ್ ಅಥವಾ ಆಲ್ಸಾದ ಡಿಮಿಕ್ಸ್. ಪ್ಲೇಯರ್‌ಗೆ ನೇರ ಹಾರ್ಡ್‌ವೇರ್ ಹೆಸರು ಕೊಟ್ಟರೆ ಇದು ತಪ್ಪುತ್ತದೆ. ಆಂಡ್ರಾಯ್ಡ್ ಫೋನ್‌ಗೆ ಡ್ಯಾಕ್ ಸಿಕ್ಕಿಸಿ ಕೇಳಿದರೂ ಹೆಚ್ಚಾಗಿ 48ಕ್ಕೇ ಬದಲಾಗುತ್ತದೆ. ಇದನ್ನು ತಪ್ಪಿಸುವ ದಾರಿ ಆಂಡ್ರಾಯ್ಡ್ 14ರಿಂದ ಬಂದಿದೆ, ಆದರೆ ಆ್ಯಪ್ ಕೂಡ ಅದನ್ನು ಬಳಸಬೇಕು. ಸರಿ, ಇದು ಕಿವಿಗೆ ಗೊತ್ತಾಗುತ್ತದೆಯೇ? ಒಳ್ಳೆಯ ರೀಸ್ಯಾಂಪ್ಲರ್ ಇದ್ದರೆ ನನಗಂತೂ ಗೊತ್ತಾಗುವುದಿಲ್ಲ. ಸರಿ ಮಾಡಲು ಸುಲಭ, ಮಾಡಿ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ನಿಜವಾಗಿ ಕಿವಿಗೆ ಬೀಳುವ ವ್ಯತ್ಯಾಸ ಬೇರೆ ಕಡೆ ಇದೆ. ಫೋನ್‌ನ ಆ್ಯಪ್ ಮೊಬೈಲ್ ಡೇಟಾ ಉಳಿಸಲು ಸರ್ವರ್‌ನಿಂದ ಕುಗ್ಗಿಸಿದ ಎಂಪಿ3 ಕೇಳುತ್ತಿರಬಹುದು, ಮನೆಯ ವೈಫೈಗೂ ಅದೇ ಸೆಟ್ಟಿಂಗ್ ಉಳಿದಿರಬಹುದು. ಅಥವಾ ಕೊನೆಯ ಎರಡು ಮೀಟರ್ ಬ್ಲೂಟೂತ್‌ನಲ್ಲಿ ಹೋಗುತ್ತಿರಬಹುದು. ಸಾಮಾನ್ಯ ಎಸ್‌ಬಿಸಿ ಬ್ಲೂಟೂತ್‌ಗೆ ಸೆಕೆಂಡಿಗೆ 328 ಕಿಲೋಬಿಟ್ ಅಂದರೆ ದೊಡ್ಡ ಮಾತು. ಅಷ್ಟು ಕಷ್ಟಪಟ್ಟು ಮಾಡಿದ ಫ್ಲ್ಯಾಕ್ ಅಲ್ಲಿ ವ್ಯರ್ಥ.

ಫೈಲೇ ಸುಳ್ಳಿರಬಹುದು. ಎಂಪಿ3ಯನ್ನು ಫ್ಲ್ಯಾಕ್ ಮಾಡಿ ಹಂಚುವುದು ಹೊಸದೇನಲ್ಲ. ಸ್ಪೆಕ್ ಅಥವಾ ಅಡಾಸಿಟಿಯಲ್ಲಿ ಸ್ಪೆಕ್ಟ್ರಮ್ ನೋಡಿ. 16 ಕಿಲೋಹರ್ಟ್ಸ್‌ನಲ್ಲಿ ಗೆರೆ ಎಳೆದಂತೆ ಕತ್ತರಿಸಿದ್ದರೆ ಅದು 128 ಕಿಲೋಬಿಟ್‌ನ ಎಂಪಿ3 ಆಗಿದ್ದ ಗುರುತು. ಆದರೆ ಹಳೆಯ ಆಕಾಶವಾಣಿ ಧ್ವನಿಮುದ್ರಣ, ಕ್ಯಾಸೆಟ್‌ನಿಂದ ತೆಗೆದದ್ದು ಇದ್ದರೆ ಹೀಗೆ ತೀರ್ಪು ಕೊಡಬೇಡಿ. ಅಲ್ಲಿ ಮೇಲಿನ ಸ್ವರಗಳು ಮೂಲದಲ್ಲೇ ಇರುವುದಿಲ್ಲ, ಮತ್ತು ಅವು ನಿಧಾನಕ್ಕೆ ಮಾಯವಾಗುತ್ತವೆ, ಗೆರೆ ಎಳೆದಂತಲ್ಲ.

ಸಂಗೀತ ಕಲಿತವರು ಹೇಳುವ ಒಂದು ದೂರು: ಶ್ರುತಿ ಏರಿದೆ. ಇದನ್ನು ಕಡೆಗಣಿಸಬೇಡಿ. ತಂಬೂರಿ ಆ್ಯಪ್ ಇಟ್ಟುಕೊಂಡು ಹೋಲಿಸಿ. ಎಲ್ಲ ಹಾಡುಗಳೂ ಸುಮಾರು ಒಂದೂವರೆ ಸ್ವರಸ್ಥಾನ ಮೇಲೆ ಹೋಗಿದ್ದರೆ 44.1ರ ಹಾಡನ್ನು ಪ್ಲೇಯರ್ 48 ಅಂತ ತಿಳಿದು ಓಡಿಸುತ್ತಿದೆ. ವೇಗವೂ ಶೇಕಡಾ 9ರಷ್ಟು ಹೆಚ್ಚಿರುತ್ತದೆ. ಇದು ಅಪರೂಪ. ಕೆಲವು ಕಛೇರಿಗಳಲ್ಲಿ ಮಾತ್ರ ಹೀಗಿದ್ದರೆ ಕ್ಯಾಸೆಟ್ ಡೆಕ್‌ನ ಮೋಟರ್ ವೇಗ ತಪ್ಪಿತ್ತು. ನಿಮ್ಮ ಸ್ಟ್ರೀಮಿಂಗ್ ಸೆಟಪ್ ನಿರಪರಾಧಿ. ಅಡಾಸಿಟಿಯಲ್ಲಿ ವೇಗ ಸರಿಮಾಡಿ ಬೇರೆ ಕಾಪಿ ಉಳಿಸಿ, ಮೂಲವನ್ನು ಮುಟ್ಟಬೇಡಿ.

ಒಂದು ಹಾಡು ಕಿರುಚುತ್ತದೆ, ಮುಂದಿನದು ಪಿಸುಗುಟ್ಟುತ್ತದೆ ಅಂದರೆ ಸದ್ದಿನ ಮಟ್ಟ ಸಮ ಮಾಡುವ ರೀಪ್ಲೇಗೇನ್ ಹಾಕಿ. ಚಿತ್ರಗೀತೆಗಳ ಮಿಶ್ರಪಟ್ಟಿಗೆ ಟ್ರ್ಯಾಕ್ ಗೇನ್ ಸರಿ. ಪೂರ್ತಿ ಕಛೇರಿಗೆ ಆಲ್ಬಂ ಗೇನ್. ಇಲ್ಲದಿದ್ದರೆ ಆಲಾಪನೆಯೂ ತನಿ ಆವರ್ತನವೂ ಒಂದೇ ಮಟ್ಟಕ್ಕೆ ಬಂದು ಕೂರುತ್ತವೆ.

ರಾಗ, ತಾನ, ಪಲ್ಲವಿ ಬೇರೆ ಬೇರೆ ಟ್ರ್ಯಾಕ್ ಆಗಿದ್ದು ನಡುವೆ ಅರೆಕ್ಷಣ ತಂಬೂರಿ ನಿಂತರೆ ಎಂಥವರಿಗೂ ರಸಭಂಗ. ಎಂಪಿ3ಯಲ್ಲಿ ಇದು ಹುಟ್ಟುಗುಣ, ಏಕೆಂದರೆ ಎನ್‌ಕೋಡರ್ ಹಾಡಿನ ತುದಿಗಳಿಗೆ ಸ್ವಲ್ಪ ಮೌನ ಸೇರಿಸುತ್ತದೆ. ಫ್ಲ್ಯಾಕ್‌ನಲ್ಲಿ ಹಾಗಿಲ್ಲ. ಫ್ಲ್ಯಾಕ್‌ನಲ್ಲೂ ಗ್ಯಾಪ್ ಬಂದರೆ ಪ್ಲೇಯರ್ ಮುಂದಿನ ಹಾಡನ್ನು ಮೊದಲೇ ತರಿಸಿಕೊಳ್ಳುತ್ತಿಲ್ಲ. ಡಿಎಲ್‌ಎನ್‌ಎ ಸ್ಪೀಕರ್‌ಗಳಲ್ಲಿ ಇದು ಸಾಮಾನ್ಯ. ಸ್ಕ್ವೀಜ್‌ಲೈಟ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ.

ಕನ್ನಡ ಹೆಸರುಗಳು ಕೆಟ್ಟು ಕಾಣುತ್ತವೆ

ಕೆಟ್ಟು ಕಾಣುವುದರಲ್ಲೂ ನಾಲ್ಕು ಬಗೆ. ಯಾವ ಬಗೆ ಎಂದು ನೋಡಿದರೆ ಸಾಕು, ಕಾರಣ ಅಲ್ಲೇ ಇದೆ.

ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ ಅಷ್ಟೇ. ಡೆಬಿಯನ್ ಅಥವಾ ಪೈ ಓಎಸ್‌ನಲ್ಲಿ ಗುಬ್ಬಿ, ನವಿಲು ಫಾಂಟ್‌ಗಳು ಸಿಗುತ್ತವೆ, ಹಾಕಿಕೊಳ್ಳಿ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಅಕ್ಷರಗಳು ಉಳಿಸುವಾಗಲೇ ಕಳೆದುಹೋಗಿವೆ. ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು.

ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೀಟಿರುವ ದೊಡ್ಡ ಎ ಎಲ್ಲ ಕಲಸಿದಂತೆ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಬರುವ ಮೊದಲು ಟ್ಯಾಗ್ (ಫೈಲಿನೊಳಗಿನ ಹಾಡು, ಗಾಯಕರ ವಿವರ) ತುಂಬಿದವರ ಸಂಗ್ರಹದಲ್ಲಿ ಇದು ಬೇಕಾದಷ್ಟು. ಆ ಪಠ್ಯವನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕಿ, ಬಂದದ್ದನ್ನು ಎಂಪಿ3ಟ್ಯಾಗ್ ಅಥವಾ ಪಿಕಾರ್ಡ್‌ನಲ್ಲಿ ಅಂಟಿಸಿ.

ಓರೆ ಗೀಟಿರುವ ಸಣ್ಣ ಎ, ಅದರ ಪಕ್ಕ ಮೇಲೆತ್ತಿ ಬರೆದ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬಂದರೆ ಕನ್ನಡ ಸರಿಯಾಗಿಯೇ ಇದೆ. ಯುಟಿಎಫ್-8 ಪಠ್ಯವನ್ನು ಯಾವುದೋ ಸಾಫ್ಟ್‌ವೇರ್ ಹಳೆಯ ಲ್ಯಾಟಿನ್ ಅಂತ ಓದುತ್ತಿದೆ. ಎಂಪಿ3ಯಲ್ಲಿ ಐಡಿ3 ಟ್ಯಾಗ್‌ನ ಹಳೆಯ 1ನೇ ಆವೃತ್ತಿ ಉಳಿದಿದ್ದರೆ ಅಳಿಸಿ. ಅದರಲ್ಲಿ ಒಂದು ಹೆಸರಿಗೆ 30 ಬೈಟ್ ಮಾತ್ರ, ಕನ್ನಡಕ್ಕೆ ಜಾಗವೇ ಇಲ್ಲ. 2.3ನೇ ಆವೃತ್ತಿಯಲ್ಲಿ ಯುಟಿಎಫ್-16 ಆಗಿ ಉಳಿಸಿದರೆ ಹಳೆಯ ಸಾಧನಗಳೂ ಓದುತ್ತವೆ. ಫ್ಲ್ಯಾಕ್‌ನಲ್ಲಿ ಮೊದಲಿನಿಂದಲೂ ಯುಟಿಎಫ್-8, ಹಾಗಾಗಿ ಈ ರಗಳೆ ಕಡಿಮೆ.

ಒಂದು ಚಿತ್ರದ ಆರು ಹಾಡು ಆರು ಆಲ್ಬಂ ಆಗಿ ಒಡೆದಿದ್ದರೆ ಪ್ರತಿ ಹಾಡಿಗೂ ಗಾಯಕರು ಬೇರೆ ಇದ್ದು ಆಲ್ಬಂ ಆರ್ಟಿಸ್ಟ್ ಖಾಲಿ ಇದೆ. ಅಲ್ಲಿ ಸಂಗೀತ ನಿರ್ದೇಶಕರ ಹೆಸರು ಆರಕ್ಕೂ ಒಂದೇ ತುಂಬಿ.

ಒಬ್ಬರೇ ಗಾಯಕರು ಪಟ್ಟಿಯಲ್ಲಿ ಎರಡು ಸಲ ಬಂದಿದ್ದು ಎರಡೂ ಹೆಸರು ಕಣ್ಣಿಗೆ ಒಂದೇ ಥರ ಕಂಡರೆ ಒಂದರಲ್ಲಿ ಕಾಣದ ಅಕ್ಷರ ಕೂತಿದೆ. ‘ರಾಜ್‌ಕುಮಾರ್’ ಎಂದು ಒತ್ತಕ್ಷರ ಬಾರದಂತೆ ಬರೆಯಲು ನಾವು ಹಾಕುವ ಜೋಡಣೆ ತಡೆಯುವ ಚಿಹ್ನೆ ಅದು. ನಡುವೆ ಬೇಕಾದ್ದೇ, ಆದರೆ ಕೆಲವು ಕೀಬೋರ್ಡ್‌ಗಳು ಹೆಸರಿನ ಕೊನೆಗೂ ಸೇರಿಸಿಬಿಡುತ್ತವೆ. ಎರಡನ್ನೂ ಆರಿಸಿ, ಒಂದೇ ಹೆಸರನ್ನು ಎರಡಕ್ಕೂ ಮತ್ತೆ ಬರೆದು ಉಳಿಸಿ.

ಹಳೆಯ ಮ್ಯಾಕ್‌ನಿಂದ ತಂದ ಫೋಲ್ಡರ್‌ಗಳಲ್ಲಿ ಇನ್ನೊಂದು ತಮಾಷೆ. ‘ಕೊಳಲು’ ಎಂಬ ಫೋಲ್ಡರ್ ಕಣ್ಣಿಗೆ ಕಾಣುತ್ತದೆ, ಪ್ಲೇಲಿಸ್ಟ್ ಮಾತ್ರ ಫೈಲ್ ಇಲ್ಲ ಎನ್ನುತ್ತದೆ. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಕೊ ಸ್ವರಚಿಹ್ನೆಯನ್ನು ಎರಡು ತುಂಡು ಮಾಡಿ ಉಳಿಸುತ್ತದೆ, ನಾವು ಲಿನಕ್ಸ್‌ನಲ್ಲಿ ಟೈಪ್ ಮಾಡುವಾಗ ಅದು ಒಂದೇ. ಕಾನ್ವ್‌ಎಂವಿ (convmv) ಎಂಬ ಟೂಲ್‌ಗೆ ಎನ್‌ಎಫ್‌ಸಿ ಆಯ್ಕೆ (--nfc) ಕೊಟ್ಟು ಓಡಿಸಿದರೆ ಹೆಸರುಗಳೆಲ್ಲ ಒಂದೇ ರೂಪಕ್ಕೆ ಬರುತ್ತವೆ. ಅದು ಮೊದಲ ಸಲ ಏನು ಬದಲಿಸುತ್ತೇನೆ ಎಂದು ಬರೀ ತೋರಿಸುತ್ತದೆ. ಪಟ್ಟಿ ನೋಡಿ ಸರಿ ಅನ್ನಿಸಿದರೆ ನೋಟೆಸ್ಟ್ (--notest) ಸೇರಿಸಿ ಮತ್ತೆ ಓಡಿಸಿ, ಆಮೇಲೆ ಸರ್ವರ್‌ನಲ್ಲಿ ಒಂದು ಪೂರ್ತಿ ಸ್ಕ್ಯಾನ್ ಹಾಕಿ.